ಗುರುತು ಕಾಯಲು ಹಣ ಕಟ್ಟುವ ಮೊದಲು

ಸಂಪಾದಕರಿಗೆ,

ನಿಮ್ಮ ಗುರುತು ಕಳವಾಗದಂತೆ ಕಾಯುತ್ತೇವೆ ಎಂದು ಹೇಳಿ ವರ್ಷಕ್ಕೊಮ್ಮೆ ಹಣ ಕಟ್ಟಿಸಿಕೊಳ್ಳುವ ಯೋಜನೆಗಳು ಈಗ ತೊಗರಿ ಬೆಳೆಯುವವರ ಉಳಿತಾಯ ಖಾತೆಗೂ ಬಂದು ಮುಟ್ಟಿವೆ. ಆಳಂದ ತಾಲ್ಲೂಕಿನಲ್ಲಿರುವ ನನ್ನ ಅಕ್ಕನ ಪಾಸ್‌ಬುಕ್‌ನಲ್ಲಿ 1,499 ರೂಪಾಯಿ ಕಡಿತವಾಗಿತ್ತು. ಪಕ್ಕದಲ್ಲಿ ಇಂಗ್ಲಿಷಿನ ನಾಲ್ಕಾರು ಅಕ್ಷರಗಳು, ಅಷ್ಟೇ. ಶಾಖೆಗೆ ಹೋಗಿ ಕೇಳಿದರೆ, ‘ಅಮ್ಮಾ, ನಿಮ್ಮ ಹೆಸರಿನಲ್ಲಿ ಬೇರೆ ಯಾರಾದರೂ ಸಾಲ ಎತ್ತಿದರೆ ನಿಮ್ಮ ಮೊಬೈಲಿಗೆ ಮೆಸೇಜ್ ಬರುತ್ತದೆ’ ಎಂದರು. ಅಕ್ಕನ ಬಳಿ ಇರುವುದು ಬಟನ್ ಫೋನ್, ಬರುವ ಮೆಸೇಜ್ ಇಂಗ್ಲಿಷಿನದು. ಲಿಖಿತ ಅರ್ಜಿ ಕೊಟ್ಟ ಮೇಲೆ ಯೋಜನೆ ರದ್ದಾಯಿತು. ಅರ್ಜಿ ಬರೆದುಕೊಡುವವರು ಇಲ್ಲದ ಮನೆಗಳ ಗತಿ ಏನು?

ನಾನು ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ಹಣ ಕಟ್ಟಬೇಕೋ, ಉಚಿತವಾಗಿ ಸಿಗುವುದೇ ಸಾಕೋ ಎಂದು ಓಣಿಯವರು ನನ್ನನ್ನು ಕೇಳುತ್ತಾರೆ. ಮೊದಲು ಉಚಿತವಾಗಿ ಇರುವುದನ್ನು ಪೂರ್ತಿ ಬಳಸಿಕೊಳ್ಳಿ ಎನ್ನುತ್ತೇನೆ. ಹಣ ಕಟ್ಟಿಸಿಕೊಳ್ಳುವವರು ಬಹುಪಾಲು ಮಾಡುವುದು ಕಳವಾದ ಮೇಲೆ ಸುದ್ದಿ ಮುಟ್ಟಿಸುವ ಕೆಲಸ. ಬಾಗಿಲಿಗೆ ಹಾಕುವ ಚಿಲಕ ಸರ್ಕಾರದ ಕಡೆಯಿಂದಲೇ ಸಿಗುತ್ತದೆ, ಅದಕ್ಕೆ ಬಿಡಿಕಾಸೂ ಬೇಡ.

ಆ ಚಿಲಕವೆಂದರೆ ಆಧಾರ್‌ನ ಬಯೋಮೆಟ್ರಿಕ್ ಲಾಕ್. ಆಧಾರ್ ಆಧಾರಿತ ಪಾವತಿಯಲ್ಲಿ ಪಿನ್ ಇಲ್ಲ, ಒಟಿಪಿ ಇಲ್ಲ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಹೆಬ್ಬೆಟ್ಟು ಇದ್ದರೆ ಹಣ ಹೊರಗೆ ಬರುತ್ತದೆ. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನೇ ನಕಲು ಮಾಡಿ ಖಾತೆ ಬರಿದು ಮಾಡಿದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಿಂದ ವರದಿಯಾಗಿದ್ದವು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚನ್ನು ಲಾಕ್ ಮಾಡಿಬಿಟ್ಟರೆ ನಕಲಿ ಹೆಬ್ಬೆಟ್ಟು ನಡೆಯುವುದಿಲ್ಲ. ಬೇಕಾದಾಗ ತಾತ್ಕಾಲಿಕವಾಗಿ ತೆರೆಯಬಹುದು, ಹತ್ತು ನಿಮಿಷದಲ್ಲಿ ಅದು ತಾನಾಗಿಯೇ ಮತ್ತೆ ಮುಚ್ಚಿಕೊಳ್ಳುತ್ತದೆ.

‘ಲಾಕ್ ಮಾಡಿದರೆ ರೇಷನ್ ಹೇಗೆ ತರುವುದು?’ ಎಂದು ಹೆಂಗಸರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನ್ಯಾಯಬೆಲೆ ಅಂಗಡಿಯಲ್ಲಿ ಸಾಮಾನ್ಯವಾಗಿ ಹೆಬ್ಬೆಟ್ಟು ಒತ್ತದೆ ಅಕ್ಕಿ ಸಿಗುವುದಿಲ್ಲ. ಆದರೆ ಪಡಿತರ ಚೀಟಿಯಲ್ಲಿ ಹೆಸರಿರುವ ಒಬ್ಬರ ಹೆಬ್ಬೆಟ್ಟು ಇದ್ದರೆ ಸಾಕು. ಅಂಗಡಿಗೆ ಹೋಗುವ ಒಬ್ಬರನ್ನು ಬಿಟ್ಟು ಉಳಿದವರು ಲಾಕ್ ಮಾಡಿಕೊಳ್ಳಬಹುದು. ಕಷ್ಟ ಇರುವುದು ಒಂಟಿಯಾಗಿರುವ, ಪಿಂಚಣಿಯನ್ನೂ ಹೆಬ್ಬೆಟ್ಟು ಒತ್ತಿಯೇ ಪಡೆಯುವ ಮುದುಕಿಯರಿಗೆ. ಅವರಿಗೆ ಲಾಕ್ ತೆರೆದುಕೊಡಲು ಯಾರಾದರೂ ಹತ್ತಿರ ಇರಲೇಬೇಕು.

ಇದರಷ್ಟೇ ಮುಖ್ಯವಾದುದು ಸಾಲದ ವರದಿ. ಮಹಿಳಾ ಸಂಘಗಳಿಗೆ, ಕಿರು ಸಾಲಕ್ಕೆ ನಮ್ಮ ಹೆಣ್ಣುಮಕ್ಕಳು ಎಷ್ಟು ಕಡೆ ಆಧಾರ್ ಜೆರಾಕ್ಸ್ ಕೊಟ್ಟಿರುತ್ತಾರೋ ಲೆಕ್ಕವಿಲ್ಲ. ಅಂಥ ಪ್ರತಿ ಕೈತಪ್ಪಿದರೆ ಬೇರೆಯವರು ಅವರ ಹೆಸರಿನಲ್ಲಿ ಸಾಲ ಎತ್ತಲು ನೋಡಬಹುದು. ಇಲ್ಲಿ ಕಚೇರಿಗಳ ಸುತ್ತಲಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಕೆಟ್ಟ ಪ್ರತಿಗಳನ್ನು ರಟ್ಟಿನ ಡಬ್ಬಿಗೆ ಎಸೆಯುತ್ತಾರೆ. ಅವುಗಳ ಹಿಂಬದಿಯಲ್ಲಿ ದಿನದ ಲೆಕ್ಕ ಬರೆಯುತ್ತಾರೆ. ತಿರುವಿ ನೋಡಿದರೆ ಮುಂಬದಿಯಲ್ಲಿ ಯಾರದೋ ಮುಖ, ಹನ್ನೆರಡು ಅಂಕಿ, ಮನೆಯ ವಿಳಾಸ. ಕೆಟ್ಟ ಪ್ರತಿಯನ್ನು ಕೇಳಿ ಪಡೆದು ಹರಿದು ಹಾಕಬೇಕು. ಕೊಡುವ ಪ್ರತಿಯ ಮೇಲೆ ಯಾವ ಕೆಲಸಕ್ಕೆ ಎಂದು ಬರೆದು ದಿನಾಂಕ ಹಾಕಿ ಸಹಿ ಮಾಡಬೇಕು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುವ ಕಡೆ ಅದನ್ನೇ ಕೊಡಬೇಕು.

ನಮ್ಮ ಹೆಸರಿನಲ್ಲಿ ಯಾವ ಯಾವ ಸಾಲವಿದೆ ಎಂಬ ಪೂರ್ಣ ವರದಿಯನ್ನು ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ, ಜನರ ಸಾಲದ ದಾಖಲೆ ಇಡುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಲೇಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2017ರಿಂದ ಜಾರಿಯಲ್ಲಿದೆ. ಮೂರು ತಿಂಗಳಿಗೊಂದು ಸಂಸ್ಥೆಯಿಂದ ತರಿಸಿಕೊಂಡರೆ ವರ್ಷವಿಡೀ ನಿಗಾ ಇಟ್ಟಂತಾಯಿತು. ತಪ್ಪು ಸಾಲ ಕಂಡು ದೂರು ಕೊಟ್ಟ ಮೇಲೆ 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮವೂ 2024ರ ಏಪ್ರಿಲ್‌ನಿಂದ ಬಂದಿದೆ. ಇದನ್ನು ಎಷ್ಟು ಶಾಖೆಗಳಲ್ಲಿ ಕನ್ನಡದಲ್ಲಿ ಬರೆದು ಹಚ್ಚಿದ್ದಾರೆ?

ನಮ್ಮ ಹೆಸರಿನಲ್ಲಿ ಯಾರಾದರೂ ಸಿಮ್ ತೆಗೆದಿದ್ದಾರೆಯೇ ಎಂಬುದು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಕಾಣುತ್ತದೆ. ಹಣ ಹೋಯಿತೆಂದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ತಪ್ಪು ನಮ್ಮದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಹೊರಗಿನವರಿಂದ ವಂಚನೆಯಾಗಿದ್ದಾಗ, ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟ ಗ್ರಾಹಕರಿಗೆ ಹೊಣೆ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಸುತ್ತೋಲೆ ಹೊರಡಿಸಿತ್ತು.

ಹಣ ಕಟ್ಟುವುದೇ ವ್ಯರ್ಥ ಎಂದು ನಾನು ಹೇಳುವುದಿಲ್ಲ. ನೆಹರು ಗಂಜ್‌ನಲ್ಲಿ ದಿನವೂ ದೊಡ್ಡ ಮೊತ್ತ ಆನ್‌ಲೈನ್‌ನಲ್ಲಿ ತಿರುಗಿಸುವ ದಾಲ್ ವ್ಯಾಪಾರಿಗೆ ನಷ್ಟ ತುಂಬಿಕೊಡುವ ಸೈಬರ್ ವಿಮೆ ಉಪಯೋಗಕ್ಕೆ ಬಂದೀತು. ಎಷ್ಟು ಗಂಟೆಯೊಳಗೆ ದೂರು ಕೊಡಬೇಕು, ಯಾವ ನಷ್ಟಕ್ಕೆ ಪರಿಹಾರವಿಲ್ಲ ಎಂಬುದನ್ನು ಓದಿ ಕೊಂಡರೆ ಸರಿ. ಬರೀ ಮೆಸೇಜ್ ಕಳಿಸುವ ಯೋಜನೆಗೆ ಕೂಲಿಯ ಹಣ ಸುರಿಯುವುದು ಮಾತ್ರ ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಈ ಉಚಿತ ಸೌಲಭ್ಯಗಳಲ್ಲಿ ಹೆಚ್ಚಿನವಕ್ಕೆ ಒಟಿಪಿ ಬೇಕು, ಆಧಾರ್‌ನ ಲಾಕ್‌ಗಂತೂ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಲೇಬೇಕು. ಪುಣೆಗೋ ಹೈದರಾಬಾದಿಗೋ ಗುಳೆ ಹೋಗಿ ಬರುವ ಕುಟುಂಬಗಳಲ್ಲಿ ನಂಬರ್ ಮೇಲಿಂದ ಮೇಲೆ ಬದಲಾಗುತ್ತದೆ. ಪೋಸ್ಟ್‌ಮ್ಯಾನ್ ಮನೆಗೇ ಬಂದು ಆಧಾರ್‌ಗೆ ನಂಬರ್ ಜೋಡಿಸುವ ಸೇವೆ 2021ರಲ್ಲೇ ಆರಂಭವಾಗಿದೆ. ಕಲಬುರಗಿ ಜಿಲ್ಲಾಡಳಿತ, ಅಂಚೆ ಇಲಾಖೆ ಮತ್ತು ಬ್ಯಾಂಕುಗಳು ಕೂಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ನಿಗದಿತ ದಿನ ಶಿಬಿರ ನಡೆಸಲಿ. ನಂಬರ್ ಜೋಡಿಸಿ, ಬಯೋಮೆಟ್ರಿಕ್ ಲಾಕ್ ಹಾಕಿ, ಸಾಲದ ವರದಿ ತೆಗೆದು ಕನ್ನಡದಲ್ಲಿ ಓದಿ ಹೇಳಲಿ. ಯಾವುದೇ ರಕ್ಷಣಾ ಯೋಜನೆಗೆ ಖಾತೆಯಿಂದ ಹಣ ಮುರಿಯುವ ಮೊದಲು, ಕನ್ನಡದ ಅರ್ಜಿಯನ್ನು ಓದಿ ಹೇಳಿ ಗ್ರಾಹಕರ ಸಹಿ ಪಡೆಯುವುದನ್ನು ಎಲ್ಲ ಶಾಖೆಗಳಿಗೂ ಕಡ್ಡಾಯ ಮಾಡಲಿ.

– ನಿವೃತ್ತ ಅಂಚೆ ನೌಕರೆ, ಕಲಬುರಗಿ