ಅಕ್ಟೋಬರಿನಲ್ಲಿ ಜಾಗ ನೋಡಿ ಮೇನಲ್ಲಿ ಟ್ಯಾಂಕರ್ ಕಾಯುವವರಿಗೆ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿಯುತ್ತಿದ್ದಂತೆ ಮುಂಬಯಿ, ಪುಣೆಯ ಕನ್ನಡಿಗರ ಸಭೆ-ಸಮಾರಂಭಗಳ ಊಟದ ಪಂಕ್ತಿಯಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: ‘ರಿಟೈರಾದ ಮೇಲೆ ಈ ಗದ್ದಲ ಸಾಕ್ರಿ, ಪವನಾ ಕಡೆಗೋ ಮುಳಶಿ ಕಡೆಗೋ ಒಂದು ಸಣ್ಣ ಜಾಗ ನೋಡಬೇಕು’. ಎರಡೂ ಪುಣೆಯ ಪಶ್ಚಿಮಕ್ಕಿರುವ ಅಣೆಕಟ್ಟಿನ ಸೀಮೆಗಳು. ಆಸೆ ತಪ್ಪಲ್ಲ. ತಪ್ಪು ಆಗುವುದು ಜಾಗ ನೋಡಲು ಹೋಗುವ ತಿಂಗಳಿನಲ್ಲಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸಹ್ಯಾದ್ರಿಯ ಬೋಳುಗುಡ್ಡವೂ ಮಲೆನಾಡಿನ ಹಾಗೆ ಕಾಣುತ್ತದೆ. ನೋಡಬೇಕಾದದ್ದು ಮೇನಲ್ಲಿ ಒಮ್ಮೆ, ಜುಲೈನಲ್ಲಿ ಇನ್ನೊಮ್ಮೆ. ಮಂಗಳವಾರ ಒಮ್ಮೆ, ಶನಿವಾರ ರಾತ್ರಿ ಇನ್ನೊಮ್ಮೆ. ಪವನಾ ದಂಡೆಯ ಟೆಂಟುಗಳ ಧ್ವನಿವರ್ಧಕ ಎಷ್ಟು ದೂರ ಕೇಳಿಸುತ್ತದೆ ಎಂಬುದು ಶನಿವಾರವಷ್ಟೇ ಗೊತ್ತಾಗುವ ಸಂಗತಿ.

ಇಲ್ಲಿ ಕೆರೆ ಎಂದು ಮಾರಾಟವಾಗುವುದು ಬಹುಪಾಲು ಅಣೆಕಟ್ಟಿನ ಹಿನ್ನೀರು. ಪವನಾದ ನೀರು ಪಿಂಪ್ರಿ-ಚಿಂಚವಾಡಕ್ಕೆ, ಪಾನಶೆತ್ ಮತ್ತು ವರಸಗಾಂವದ್ದು ಖಡಕವಾಸಲಾ ಮೂಲಕ ಪುಣೆಗೆ, ಮುಳಶಿಯದು ಟಾಟಾದವರ ವಿದ್ಯುತ್ತಿಗಾಗಿ ಘಟ್ಟದ ಕೆಳಗಿನ ಭಿರಾಕ್ಕೆ. ದಂಡೆಯ ಮೇಲೆ ಮನೆ ಕಟ್ಟಿಕೊಂಡ ಮಾತ್ರಕ್ಕೆ ಒಂದು ಕೊಡ ನೀರಿನ ಹಕ್ಕೂ ಬರುವುದಿಲ್ಲ. ಆಗಸ್ಟಿನಲ್ಲಿ ಬೇಲಿಯ ಹತ್ತಿರ ಬಂದ ನೀರು ಮೇ ಹೊತ್ತಿಗೆ ದೂರ ಸರಿದು, ನಡುವೆ ಬಿರುಕುಬಿಟ್ಟ ಕೆಸರು ಉಳಿದಿರುತ್ತದೆ. ಬೋರ್‌ವೆಲ್ ಹೊಡೆಸಿದರಾಯಿತು ಎನ್ನುವವರು ಕೆಳಗಿರುವುದು ಕಪ್ಪು ಬಸಾಲ್ಟ್ ಎಂಬುದನ್ನು ಮರೆಯಬಾರದು. ಬಿರುಕು ಸಿಕ್ಕಲ್ಲಷ್ಟೇ ನೀರು. ಪಕ್ಕದ ಪ್ಲಾಟಿನಲ್ಲಿ ಸಿಕ್ಕಿತೆಂದರೆ ನಿಮಗೂ ಸಿಗುತ್ತದೆಂದಲ್ಲ, ಡಿಸೆಂಬರಿನಲ್ಲಿ ಸಿಕ್ಕಿದ್ದು ಏಪ್ರಿಲ್‌ನಲ್ಲಿ ಇರುತ್ತದೆಂದೂ ಅಲ್ಲ.

ಲೆಕ್ಕ ಹೀಗೆ. ಇಬ್ಬರ ಮನೆಗೆ ದಿನಕ್ಕೆ 270 ಲೀಟರ್, ತುಳಸಿ, ಕರಿಬೇವು ಸೇರಿಸಿ 300 ಎನ್ನಿ. ಬೇಸಿಗೆಯ 60 ದಿನಕ್ಕೆ 18,000 ಲೀಟರ್. 1,000 ಚದರಡಿ ಚಾವಣಿಯ ಮೇಲೆ 700 ಮಿ.ಮೀ. ಮಳೆ ಬಿದ್ದರೂ ಸೋರಿಕೆ ಕಳೆದು 50,000 ಲೀಟರ್ ಸಿಗುತ್ತದೆ. ಹಾಗಾಗಿ ಕೊರತೆ ಮಳೆಯದಲ್ಲ, ಅದನ್ನು ಹಿಡಿದಿಡುವ ತೊಟ್ಟಿಯದು. 20,000 ಲೀಟರಿನ ಸಂಪ್ ಪಾಯದ ಜೊತೆಗೇ ಆಗಬೇಕು. ಆಮೇಲೆ ಬಂಡೆ ಒಡೆಸಲು ಹೋದರೆ ಖರ್ಚು ಕೈಮೀರುತ್ತದೆ. ಮೊದಲೆರಡು ಮಳೆಯ ನೀರು ಚಾವಣಿಯ ಧೂಳು, ಹಕ್ಕಿಯ ಹಿಕ್ಕೆ ತೊಳೆದುಕೊಂಡು ಬರುವುದರಿಂದ ಅದನ್ನು ಹೊರಗೆ ಬಿಡಲು ಪೈಪಿಗೊಂದು ವಾಲ್ವ್ ಇರಲಿ.

ಇನ್ನು ಊರಿನ ಆಯ್ಕೆ. ಸಹ್ಯಾದ್ರಿಯಲ್ಲಿ ಮಳೆ ಪೂರ್ವಕ್ಕೆ ಸರಿದಂತೆ ಎಷ್ಟು ಬೇಗ ಇಳಿಯುತ್ತದೆ ಎಂಬುದೇ ಇಲ್ಲಿ ಮುಖ್ಯ. ಸುಮಾರು 1,350 ಮೀಟರ್ ಎತ್ತರದ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ. ದಾಟುತ್ತದೆ. ಅಲ್ಲಿಂದ 20 ಕಿ.ಮೀ. ಒಳಗೇ ಇರುವ ಪಾಂಚಗಣಿಯಲ್ಲಿ ಅದರ ಮೂರನೇ ಒಂದು ಪಾಲಿನ ಆಸುಪಾಸು. ಪಸರಣಿ ಘಾಟ್ ಇಳಿದು ವಾಯಿಗೆ ಬಂದರೆ ನಮ್ಮ ಧಾರವಾಡದಂಥ ಮಳೆ. ವಾಯಿ ಇರುವುದು ಸುಮಾರು 700 ಮೀಟರ್ ಎತ್ತರದಲ್ಲಿ. ಮುಂದೆ ಆಲಮಟ್ಟಿಗೆ ಹೋಗುವ ಅದೇ ಕೃಷ್ಣೆ ಊರೊಳಗೆ, ಧೋಮ್ ಜಲಾಶಯ ಹತ್ತಿರದಲ್ಲಿ, ಕಣ್ಣೆತ್ತಿದರೆ ಬೆಟ್ಟ. ಸಂತೆ, ಔಷಧದಂಗಡಿ, ಬ್ಯಾಂಕು, ಸರ್ಕಾರಿ ಬಸ್ಸಿನ ಎಸ್‌ಟಿ ಸ್ಟ್ಯಾಂಡು ಎಲ್ಲವೂ ನಡೆದು ಹೋಗುವಷ್ಟು ದೂರ. ನಿವೃತ್ತರಿಗೆ ಬೇಕಾದದ್ದು ಬೆಟ್ಟ ಕಾಣುವ ತಾಲ್ಲೂಕು ಊರೇ ಹೊರತು ಬೆಟ್ಟದ ಮೇಲಿನ ಒಂಟಿ ಬಂಗಲೆಯಲ್ಲ. ವಾಯಿಯ ದೊಡ್ಡ ಕೊರತೆ ರೈಲು. ರೈಲು ಬೇಕೇಬೇಕು ಎನ್ನುವವರಿಗೆ ಪುಣೆಯ ಲೋಕಲ್ ಮುಟ್ಟುವ ಲೋಣಾವಳಾ ಇದೆ, ಆದರೆ ಅಲ್ಲಿಯೂ ಸ್ಟೇಷನ್ ಬದಿಯ ಪೇಟೆ ನೋಡಿ. ಎಸ್‌ಟಿ ಬಸ್ಸಿನಲ್ಲಿ 75 ದಾಟಿದವರಿಗೆ ಪೂರ್ತಿ ಉಚಿತ, 65ರಿಂದ 75ರವರಿಗೂ ಮಹಿಳೆಯರಿಗೂ ಅರ್ಧ ಟಿಕೆಟ್. ಕಾರು ಓಡಿಸುವ ಕಣ್ಣು ಮಂಜಾದ ಮೇಲೆ ಇದರ ಬೆಲೆ ತಿಳಿಯುತ್ತದೆ.

ಮಂಜು, ತುಂತುರು ಎರಡು ದಿನಕ್ಕೆ ಚೆಂದ. ಲೋಣಾವಳಾ, ಮಹಾಬಳೇಶ್ವರಗಳಲ್ಲಿ ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿ, ಬೆಲ್ಟಿನ ಮೇಲೆ ಬೂಷ್ಟು ಬರುತ್ತದೆ, ಉಪ್ಪು ನೀರಾಗುತ್ತದೆ. ಅಸ್ತಮಾ ಇರುವವರಿಗೆ ಇದೇ ಬೂಷ್ಟು ವೈರಿ. ಜುಲೈನಲ್ಲಿ ಮನೆ ನೋಡಲು ಹೋದಾಗ ಬೀರುವನ್ನು ಗೋಡೆಯಿಂದ ಒಂದಡಿ ಎಳೆಸಿ ಹಿಂಭಾಗ ನೋಡಿ, ಪಶ್ಚಿಮದ ಗೋಡೆಗೆ ಅಂಗೈ ಒತ್ತಿ. ಹೊಸ ಬಣ್ಣ ಅಕ್ಟೋಬರಿನಲ್ಲಿ ಏನನ್ನೂ ಹೇಳುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಬರುವ ಹೊತ್ತು ಹೇಳಲಾಗದು. 150 ಎಎಚ್ ಬ್ಯಾಟರಿ ಒಂದಿದ್ದರೆ ಎರಡು ಫ್ಯಾನು, ನಾಲ್ಕು ಎಲ್‌ಇಡಿ ದೀಪ, ರೂಟರ್‌ಗೆ ಐದಾರು ಗಂಟೆ ಬಂದೀತು. ಆಕ್ಸಿಜನ್ ಯಂತ್ರ 350 ವ್ಯಾಟ್ ಎಳೆದರೆ ಮೂರು ಗಂಟೆಗೇ ಮುಗಿಯಿತು.

ಇಳಿಜಾರಿನಲ್ಲಿ ಮೆಟ್ಟಿಲು ಕತ್ತರಿಸಿದಂತೆ ಮಾಡಿದ ಪ್ಲಾಟುಗಳನ್ನು ಬಿಟ್ಟುಬಿಡಿ. 2014ರ ಜುಲೈ 30ರಂದು ಮಾಳಿಣ, 2021ರ ಜುಲೈನಲ್ಲಿ ತಳಿಯೆ, 2023ರ ಜುಲೈನಲ್ಲಿ ಇರ್ಶಾಳವಾಡಿ, ಮೂರೂ ಕಡೆ ಬಿಡದೆ ಸುರಿದ ಮಳೆಗೆ ಗುಡ್ಡ ಕುಸಿದದ್ದು. ಮನೆಯ ಹಿಂದೆ ಜೆಸಿಬಿ ಕಡಿದ ಹಸಿ ಮಣ್ಣಿನ ಗೋಡೆ, ಬುಡದಲ್ಲಿ ವಾಲಿದ ಮರ, ಮಣ್ಣು ಸುರಿದು ಮುಚ್ಚಿದ ಹಳ್ಳ ಕಂಡರೆ ವಾಪಸು ಬನ್ನಿ. ನದಿ ಬದಿಯಾದರೆ ನೀಲಿ ರೇಖೆ, ಕೆಂಪು ರೇಖೆಯ ನಕ್ಷೆ ಕೇಳಿ: ನೀಲಿ 25 ವರ್ಷಕ್ಕೊಮ್ಮೆ ಬರುವ ಮಹಾಪೂರದ್ದು, ಕೆಂಪು 100 ವರ್ಷಕ್ಕೊಮ್ಮೆಯದು.

ಆಸ್ಪತ್ರೆಯ ವಿಷಯದಲ್ಲಿ ಕಿಲೋಮೀಟರ್ ಅಲ್ಲ, ನಿಮಿಷ ಎಣಿಸಿ. ಹೃದಯಾಘಾತಕ್ಕೆ ಆಂಜಿಯೋಪ್ಲಾಸ್ಟಿ ಎರಡು ಗಂಟೆಯೊಳಗೆ, ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಆಗಬೇಕು. ಲೋಣಾವಳಾದಿಂದ ಪಿಂಪ್ರಿ-ಚಿಂಚವಾಡ 40–50 ಕಿ.ಮೀ.; ಭಾನುವಾರ ಸಂಜೆ ಪ್ರವಾಸಿಗರ ವಾಹನಗಳ ನಡುವೆ 108 ಆಂಬುಲೆನ್ಸಿಗೂ ದಾರಿ ಸಿಗದು. ಪವನಾ ದಂಡೆಯಿಂದಾದರೆ ಮೊದಲು ಲೋಣಾವಳಾ ಅಥವಾ ಕಾಮಶೇತ ತಲುಪುವುದೇ ಒಂದು ಪಯಣ. ವಾಯಿಯಿಂದ ಸಾತಾರಾ ಸುಮಾರು 35 ಕಿ.ಮೀ., ನಡುವೆ ಘಾಟ್ ಇಲ್ಲ. ಸರ್ಕಾರಿ ಗ್ರಾಮೀಣ ಆಸ್ಪತ್ರೆಗೆ ಹೋಗಿ ಎರಡೇ ಪ್ರಶ್ನೆ ಕೇಳಿ: ಹಾವಿನ ವಿಷದ ಔಷಧ ಈಗ ದಾಸ್ತಾನಿದೆಯೇ, ರಾತ್ರಿ ಡಾಕ್ಟರ್ ಇಲ್ಲೇ ಉಳಿಯುತ್ತಾರೆಯೇ.

ಕಾಗದಪತ್ರದಲ್ಲಿ ಹೆಚ್ಚು ಮಂದಿ ಎಡವುವುದು ‘ಫಾರ್ಮ್‌ಹೌಸ್ ಪ್ಲಾಟ್’ ಎಂಬ ಹೆಸರಿನಲ್ಲಿ. ಒಂದು ಗುಂಠೆ ಎಂದರೆ 1,089 ಚದರಡಿ. ಕೃಷಿ ಜಮೀನನ್ನು ಎರಡು-ಮೂರು ಗುಂಠೆಯಾಗಿ ತುಂಡರಿಸಿ, ಹತ್ತು ಜನರ ಹೆಸರನ್ನು ಇಲ್ಲಿಯ ಪಹಣಿಯಾದ ಒಂದೇ ಸಾತ್‌ಬಾರಾದಲ್ಲಿ ಸೇರಿಸಿ ಮಾರುತ್ತಾರೆ. ನಿಮ್ಮ ತುಂಡು ಯಾವುದೆಂದು ಆ ಉತಾರೆಯಲ್ಲಿ ಎಲ್ಲಿಯೂ ಇರುವುದಿಲ್ಲ. 1948ರ ಗೇಣಿ ಮತ್ತು ಕೃಷಿ ಜಮೀನು ಕಾಯ್ದೆಯ 63ನೇ ಕಲಮಿನ ಪ್ರಕಾರ ಮಹಾರಾಷ್ಟ್ರದಲ್ಲಿ ರೈತನಲ್ಲದವನು ಅನುಮತಿಯಿಲ್ಲದೆ ಕೃಷಿ ಜಮೀನು ಕೊಳ್ಳುವಂತಿಲ್ಲ. ಊರಿನ ಪಹಣಿ ತೋರಿಸಿದರೆ ಆಯಿತು ಎಂದು ಏಜೆಂಟ್ ಹೇಳಿದರೆ, ಅದನ್ನೇ ತಹಶೀಲ್ದಾರರಿಂದ ಬರವಣಿಗೆಯಲ್ಲಿ ತರಲು ಹೇಳಿ. ಬಿನಶೇತಿ, ಅಂದರೆ ಕೃಷಿಯೇತರ ಬಳಕೆಯ, ಆದೇಶದ ಪ್ರತಿ ನೋಡಿ. ಸಾತ್‌ಬಾರಾದ ‘ಇತರ ಹಕ್ಕು’ ಕಾಲಮ್ಮಿನಲ್ಲಿ ಪುನರ್ವಸನ (ನಿರಾಶ್ರಿತರ ಪುನರ್ವಸತಿ) ಎಂಬ ಪದ ಇದ್ದರೆ, ಅಥವಾ ಭೋಗವಟಾದಾರ್ ವರ್ಗ 2 (ಸರ್ಕಾರದ ಅನುಮತಿಯಿಲ್ಲದೆ ಮಾರಲಾಗದ ಜಮೀನು) ಎಂದಿದ್ದರೆ, ಮುಂಗಡ ಕೊಡಬೇಡಿ. ಅಣೆಕಟ್ಟಿನ ಸುತ್ತಮುತ್ತ ಇಂಥ ನಮೂದು ಅಪರೂಪವಲ್ಲ.

ಕೊಳ್ಳುವ ಮೊದಲು ಬಾಡಿಗೆಗೆ ಇದ್ದು ನೋಡುವುದು ಎಲ್ಲಕ್ಕಿಂತ ಅಗ್ಗ. 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರನ್ನು ಮೇ 1ಕ್ಕೆ ಶುರು ಮಾಡಿ, ನೋಂದಣಿ ಮಾಡಿಸಿ. ಒಂದೇ ಕರಾರಿನಲ್ಲಿ ಬೇಸಿಗೆಯ ಟ್ಯಾಂಕರೂ ನಾಲ್ಕು ತಿಂಗಳ ಮಳೆಯೂ ಸಿಗುತ್ತವೆ. ಜೂನ್‌ನಲ್ಲಿ ಶುರು ಮಾಡಿದರೆ ನೋಡಲೇಬೇಕಾದ ಮೇ ತಿಂಗಳೇ ಕೈತಪ್ಪುತ್ತದೆ.

ಪತ್ರಿಕೆಯವರಲ್ಲೂ ಒಂದು ಕೋರಿಕೆ. ಕೆರೆದಂಡೆ ಪ್ಲಾಟಿನ ಜಾಹೀರಾತು ಹಾಕುವಾಗ ಫೋಟೋ ಯಾವ ತಿಂಗಳಿನದು, ಬಿನಶೇತಿ ಆದೇಶದ ಸಂಖ್ಯೆ ಯಾವುದು, ಇವೆರಡನ್ನು ಸಣ್ಣ ಅಕ್ಷರದಲ್ಲಾದರೂ ಹಾಕಿಸಿ.

– ಒಬ್ಬ ಓದುಗ, ಕೊಥರೂಡ್, ಪುಣೆ