ಮಾಗಡಿ ಕೆರೆಯ ಫೋಟೊ ಮತ್ತು ಬಿಸಿಲುಗುದುರೆ

ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯ ಬಗ್ಗೆ ಒಂದು ಪತ್ರ ಬಂದಿತ್ತು. ಬರೆದವರು ದೊಡ್ಡ ಲೆನ್ಸ್ ಕೊಂಡು, ಹುಬ್ಬಳ್ಳಿಯಿಂದ ಕಾರು ಮಾಡಿಕೊಂಡು ಬಂದಿದ್ದರಂತೆ. ಒಂದು ಫೋಟೊನೂ ಸರಿ ಬರಲಿಲ್ಲವಂತೆ. ದಂಡೆಯ ಮೇಲಿಂದ ಹಕ್ಕಿಗಳು ದೂರ ಆಗುತ್ತವೆ, ಫೋಟೊ ತೆಗೆಯುವವರನ್ನು ನೀರಿನ ಅಂಚಿನ ತನಕ ಬಿಡಬೇಕು ಅಂತ ಅವರ ಬೇಡಿಕೆ. ದಯವಿಟ್ಟು ಬಿಡಬೇಡಿ ಅಂತ ಕೇಳಿಕೊಳ್ಳಲು ಈ ಪತ್ರ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಎರಡು ವರ್ಷದ ಹಿಂದೆ ನಾನೂ ಇಂಥದ್ದೇ ಪತ್ರ ಬರೆಯುವವನಿದ್ದೆ.

ನಾನು ಗದಗ-ಬೆಟಗೇರಿಯಲ್ಲಿ ಸಣ್ಣ ಸ್ಟುಡಿಯೊ ಇಟ್ಟುಕೊಂಡವನು. ಮದುವೆ, ಸೀಮಂತ, ಪಾಸ್‌ಪೋರ್ಟ್ ಫೋಟೊ. ಇಪ್ಪತ್ತೆರಡು ವರ್ಷದ ಕಸುಬು. ಮದುಮಗನಿಗೆ ಅಲ್ಲಾಡಬೇಡಪ್ಪ ಅಂದರೆ ಅಲ್ಲಾಡುವುದಿಲ್ಲ. ಹಾಗಾಗಿ ಫೋಟೊ ಶಾರ್ಪ್ ಬರುವುದು ನನ್ನ ಕೈಗುಣ ಅಂತಲೇ ತಿಳಿದುಕೊಂಡಿದ್ದೆ. ಮಾಗಡಿ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತಲ್ವಾ, ಆಗ ನಮ್ಮ ಜಿಲ್ಲೆಯ ಕೆರೆಗೆ ಜಗತ್ತಿನ ಪಟ್ಟಿಯಲ್ಲಿ ಜಾಗ ಸಿಕ್ಕಿತು ಅಂತ ಹುರುಪು ಬಂದು, ದೂರದ್ದನ್ನು ಹತ್ತಿರ ತೋರಿಸುವ ಒಂದು ಹಳೆಯ 150-600 ಎಂ.ಎಂ. ಲೆನ್ಸ್ ಕೊಂಡೆ. ಹೆಂಡತಿಗೆ ಹೇಳಿದ ಬೆಲೆಯೇ ಬೇರೆ, ಅದು ಇಲ್ಲಿ ಬೇಡ.

ಡಿಸೆಂಬರಿನ ಒಂದು ದಿನ ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಗದಗದಿಂದ ಲಕ್ಷ್ಮೇಶ್ವರದ ದಾರಿಯಲ್ಲಿ ಸುಮಾರು 25 ಕಿಲೋಮೀಟರ್. ಮುಟ್ಟುವಾಗ ಹನ್ನೊಂದೂವರೆ. ಕೆರೆಯ ನಡುವೆ ಪಟ್ಟೆತಲೆ ಹೆಬ್ಬಾತುಗಳ ದೊಡ್ಡ ಹಿಂಡು. ಬಿಳಿ ತಲೆ, ಅದರ ಹಿಂಭಾಗದಲ್ಲಿ ಎರಡು ಕಪ್ಪು ಗೀರು. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಚಳಿಗಾಲ ಕಳೆಯಲು ಬರುವ ಹಕ್ಕಿಗಳು. ನಾನೂರು ಫೋಟೊ ತೆಗೆದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆಂದ ಕಂಡವು. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಗರಿಯೆಲ್ಲ ನೆನೆದ ಹತ್ತಿಯ ಹಾಗೆ. ಕಣ್ಣು ಎಲ್ಲಿದೆ ಅಂತ ಹುಡುಕಬೇಕು. ಆ ಎರಡು ಗೀರು ಒಂದಕ್ಕೊಂದು ಕಲಸಿಕೊಂಡಿದ್ದವು.

ಲೆನ್ಸೇ ಕೆಟ್ಟಿದೆ ಅಂತ ರಿಪೇರಿಗೆ ಕೊಟ್ಟೆ. ಅವರು 2,800 ರೂಪಾಯಿ ತೆಗೆದುಕೊಂಡು, ಒರೆಸಿ, ಏನೋ ಅಲೈನ್ ಮಾಡಿದ್ದೇವೆ ಅಂತ ವಾಪಸ್ ಕೊಟ್ಟರು. ಮತ್ತೆ ಅದೇ ಹನ್ನೊಂದೂವರೆಗೆ ಹೋದೆ. ಮತ್ತೆ ಅದೇ ಹತ್ತಿ.

ಆ ದಿನ ದಂಡೆಯ ಮೇಲೆ ಕುರಿ ಬಿಟ್ಟುಕೊಂಡು ಒಬ್ಬ ಅಜ್ಜ ಕೂತಿದ್ದ. ನನ್ನ ಗೊಣಗಾಟ ಕೇಳಿ ಅಂದ: "ಈ ಹೊತ್ತಿನ್ಯಾಗ ಆಚೀ ದಂಡಿ ಮ್ಯಾಲಿನ ಕುರಿ ನನ್ನ ಕಣ್ಣಿಗೇ ನೆಟ್ಟಗ ಕಾಣಂಗಿಲ್ಲ. ನಿಮ್ಮ ಡಬ್ಬಿಗೆ ಏನ್ ಕಂಡೀತು?" ಕಣ್ಣು ಕಿರಿದು ಮಾಡಿ ನೋಡಿದೆ. ಆಚೆಯ ಎರೆಹೊಲದ ಬದು ಕುಣಿಯುತ್ತಿತ್ತು. ಬಿಸಿಲುಗುದುರೆ! ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ನೀರು ನಿಂತ ಹಾಗೆ ಕಾಣುತ್ತದಲ್ಲ, ಅದೇ.

ಆದರೂ ನಂಬಿಕೆ ಬರಲಿಲ್ಲ. ಚಳಿಗಾಲದಲ್ಲಿ ಎಲ್ಲಿಯ ಬಿಸಿಲುಗುದುರೆ? ಪರೀಕ್ಷೆ ಮಾಡಿಯೇ ಬಿಡೋಣ ಅಂತ ನಿಮ್ಮ ಪತ್ರಿಕೆಯ ಇದೇ ಪುಟವನ್ನು ಓಣಿಯ ಆಚೆ ಅಣ್ಣನ ಮನೆಯ ಮಾಳಿಗೆಯ ಗೋಡೆಗೆ ಅಂಟಿಸಿದೆ. ನಮ್ಮ ಮಾಳಿಗೆಯ ಮೇಲೆ ಕ್ಯಾಮೆರಾ. ನಡುವೆ ಇಪ್ಪತ್ತು ಮೀಟರ್, ಮತ್ತು ಎರಡು ತಗಡಿನ ಚಾವಣಿ. ಬೆಳಿಗ್ಗೆ ಆರೂಮುಕ್ಕಾಲಿಗೆ ತೆಗೆದ ಫೋಟೊ ಪರವಾಗಿಲ್ಲ ಅನ್ನುವಂತಿತ್ತು. ಗೀರು ಬೀಳದಿರಲಿ ಅಂತ ಲೆನ್ಸಿನ ಮುಂದೆ ಆರುನೂರು ರೂಪಾಯಿಯ ಫಿಲ್ಟರ್ ಗಾಜು ಹಾಕಿದ್ದೆ, ಅದನ್ನು ಬಿಚ್ಚಿ ಮತ್ತೊಮ್ಮೆ ತೆಗೆದೆ. ಈಗ ನಲ್ಲಿ ನೀರಿನ ಬಗ್ಗೆ ಯಾರೋ ಬರೆದ ಪತ್ರ ಒತ್ತಕ್ಷರ ಸಮೇತ ಓದಲು ಬಂತು. ಮಧ್ಯಾಹ್ನ ಒಂದು ಗಂಟೆಗೆ ಅದೇ ಲೆನ್ಸು, ಅದೇ ಕಾಗದ, ಅದೇ ಜಾಗ. ತಲೆಬರಹ ಮಾತ್ರ ಓದಬಹುದಿತ್ತು. ಕೆಳಗಿನ ಸಾಲುಗಳಲ್ಲಿ ಒತ್ತು ಯಾವುದು, ದೀರ್ಘ ಯಾವುದು ತಿಳಿಯದಂತೆ ಅಕ್ಷರಗಳು ಕರಗಿದ್ದವು. ಹತ್ತು ಫೋಟೊದಲ್ಲಿ ಹತ್ತು ಥರ ಕರಗಿದ್ದವು. ಲೆನ್ಸ್ ಕೆಟ್ಟಿದ್ದರೆ ಎಲ್ಲವೂ ಒಂದೇ ಥರ ಕೆಡಬೇಕಲ್ವಾ?

ಕಾದ ನೆಲದಿಂದ ಬಿಸಿಗಾಳಿ ಏಳುತ್ತದೆ, ಮೇಲಿನ ತಣ್ಣನೆ ಗಾಳಿಯ ಜೊತೆ ಕಲಸುತ್ತದೆ. ಬಿಸಿಗಾಳಿ ತೆಳು, ತಣ್ಣನೆ ಗಾಳಿ ದಟ್ಟ. ಬೆಳಕು ಒಂದೊಂದು ಪದರದಲ್ಲಿ ಒಂದೊಂದು ಕಡೆ ಬಾಗುತ್ತದೆ. ಬರಿಗಣ್ಣಿಗೆ ಅಷ್ಟು ಗೊತ್ತಾಗುವುದಿಲ್ಲ. 600 ಎಂ.ಎಂ. ಲೆನ್ಸು ಹಕ್ಕಿಯನ್ನು ದೊಡ್ಡದು ಮಾಡುವಾಗ ಈ ನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಎಷ್ಟು ದುಬಾರಿ ಲೆನ್ಸ್ ತಂದರೂ ನಡುವಿನ ಗಾಳಿ ಅದೇ.

ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿ ಇದು ಇನ್ನೂ ತಮಾಷೆಯಾಗಿ ಕಾಣುತ್ತದೆ. ಮಧ್ಯಾಹ್ನದ ಹುಲ್ಲುಗಾವಲಿನಲ್ಲಿ ಒಂದು ಗಂಡು ಚಿಗರಿಯ ಫೋಟೊ ತೆಗೆದೆ. ಕೋಡಿನ ತಿರುವು ಹೇಗೋ ಬಂದಿದೆ, ಕಾಲುಗಳೇ ಇಲ್ಲ. ನೆಲದ ಹತ್ತಿರ ಗಾಳಿ ಜಾಸ್ತಿ ಕುದಿಯುವುದರಿಂದ ಮೊಣಕಾಲಿನ ಕೆಳಗೆಲ್ಲ ನೀರಿನಲ್ಲಿ ಕರಗಿದ ಹಾಗೆ. ಮಗ ನೋಡಿ, "ಅಪ್ಪಾ, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಮೇಲಿನ ಚಿತ್ರವೇ ಇದಕ್ಕಿಂತ ಶಾರ್ಪ್ ಇದೆ" ಅಂದ.

ಹಾಗಂತ ಪೂರ್ತಿ ತಪ್ಪು ಗಾಳಿಯದ್ದೇ ಅಂದರೆ ಸುಳ್ಳಾಗುತ್ತದೆ. ನನ್ನ ಕೈಯದ್ದೂ ಇತ್ತು. ಮದುವೆ ಮನೆಯ ರೂಢಿಯಲ್ಲಿ ಶಟರ್ 1/125ಕ್ಕೆ, ಅಂದರೆ ಸೆಕೆಂಡಿನ 125ನೇ ಒಂದು ಭಾಗದಷ್ಟು ಹೊತ್ತು ತೆರೆಯುವಂತೆ ಇಟ್ಟಿದ್ದೆ. ಲೆನ್ಸಿನ ಎಂ.ಎಂ. ಎಷ್ಟೋ ಶಟರ್ ಅದಕ್ಕಿಂತ ಚುರುಕಾಗಿರಬೇಕು ಅನ್ನುವುದು ಹಳೆಯ ಲೆಕ್ಕ. ನನ್ನ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 600 ಎಂದರೆ 900ರ ಲೆಕ್ಕ. ಅಂದರೆ ಕೂತ ಹಕ್ಕಿಗೂ 1/1000, ಹಾರುವುದಕ್ಕೆ 1/2000 ಆದರೂ ಬೇಕು. ಲೆನ್ಸಿನಲ್ಲಿ ನಡುಕ ತಡೆಯುವ ಗುಂಡಿ ಇದೆಯಲ್ಲ ಅನ್ನಬಹುದು. ಅದು ತಡೆಯುವುದು ನಮ್ಮ ಕೈಯ ನಡುಕವನ್ನು. ಹಕ್ಕಿ ಕತ್ತು ತಿರುಗಿಸಿದರೆ ಅದಕ್ಕೇನು ಗೊತ್ತು? ಶಟರ್ ಏರಿಸಿದರೆ ಬೆಳಕು ಸಾಲದೆ ಐ.ಎಸ್.ಒ. (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕೆ ಹೋಗುತ್ತದೆ, ಫೋಟೊದಲ್ಲಿ ಕಾಳು ಕಾಳು ಕಾಣುತ್ತದೆ. ಕಾಣಲಿ ಬಿಡಿ. ಕಾಳನ್ನು ಆಮೇಲೆ ತಕ್ಕಮಟ್ಟಿಗೆ ಹಸನು ಮಾಡಬಹುದು, ಅಲ್ಲಾಡಿದ ಕಣ್ಣನ್ನು ಆಗುವುದಿಲ್ಲ.

ಕಾಳು ಅಂದಾಗ ನೆನಪಾಯಿತು. ನನಗೆ ಟ್ರೈಪಾಡಿಗಿಂತ ಒಗ್ಗಿದ್ದು ಜೋಳದ ಚೀಲ. ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ, ಎರಡು ಕಿಲೋ ಬಿಳಿಜೋಳ ತುಂಬಿ, ಬಾಯಿ ಹೊಲಿದದ್ದು. ದಂಡೆಯ ಕಲ್ಲಿನ ಮೇಲಿಟ್ಟು ಮೇಲೆ ಲೆನ್ಸ್ ಒತ್ತಿದರೆ ಜೋಳ ಸರಿದು ತಾನೇ ಜಾಗ ಮಾಡಿಕೊಡುತ್ತದೆ. ಎಡಗೈಯನ್ನು ಲೆನ್ಸಿನ ಬೆನ್ನ ಮೇಲೆ ಸುಮ್ನೆ ಇಟ್ಟು, ಗುಂಡಿ ಮೆಲ್ಲಗೆ ಒತ್ತಿ ಐದಾರು ಫೋಟೊ ಒಟ್ಟಿಗೆ ಬಿಡಬೇಕು. ಮೊದಲನೆಯದು ಬೆರಳಿನ ಒತ್ತಿಗೆ ಅಲ್ಲಾಡಿರುತ್ತದೆ. ನನಗೆ ಮೂರನೆಯದೋ ನಾಲ್ಕನೆಯದೋ ಗಟ್ಟಿ ಸಿಗುತ್ತದೆ. ಒಮ್ಮೆ ಚೀಲ ನೆನೆದಿತ್ತು. ಮೂಲೆಗೆಸೆದು ಮರೆತೆ. ನಾಲ್ಕನೇ ದಿನ ನೋಡಿದರೆ ಪ್ಯಾಂಟಿನಿಂದ ಮೊಳಕೆ ಇಣುಕುತ್ತಿತ್ತು.

ಈಗ ಹತ್ತಿರ ಬಿಡಿ ಅನ್ನುವ ಮಾತಿಗೆ ಬರುತ್ತೇನೆ. ಈ ಜನವರಿಯಲ್ಲಿ ನಾಲ್ಕೈದು ಜನ ಚಪ್ಪಲಿ ಬಿಟ್ಟು ಕೆಸರಿಗೆ ಇಳಿದದ್ದನ್ನು ಕಣ್ಣಾರೆ ಕಂಡೆ. ಹೆಬ್ಬಾತುಗಳು ಮೊದಲು ಕತ್ತು ನೆಟ್ಟಗೆ ಮಾಡಿದವು. ಮೇಯುವುದು, ಗರಿ ತಿದ್ದುವುದು ನಿಂತಿತು. ಇವರು ಇನ್ನೂ ಹತ್ತು ಹೆಜ್ಜೆ ಇಟ್ಟರು. ಇಡೀ ಹಿಂಡು ಒಮ್ಮೆಲೇ ಎದ್ದು ಆಚೆ ದಡಕ್ಕೆ ಹೋಯಿತು. ಅವರಿಗೆ ಏನು ಸಿಕ್ಕಿತು? ಬಾಲ ಮತ್ತು ಬೆನ್ನು. ಓಡಿಸಿದ ಹಕ್ಕಿ ಮುಖ ತೋರಿಸುವುದಿಲ್ಲ.

ಹಕ್ಕಿ ಹತ್ತಿರ ಸಿಕ್ಕರೂ ಬೇರೆ ತಾಪತ್ರಯ ಇದ್ದೇ ಇದೆ. ದಂಡೆಯ ಜಾಲಿಗಿಡದಲ್ಲಿ ಹತ್ತು ಮೀಟರ್ ದೂರಕ್ಕೆ ಒಂದು ಮಿಂಚುಳ್ಳಿ ತಾನಾಗಿ ಬಂದು ಕೂತಿತ್ತು. ಲೆನ್ಸಿನ ಕಿಂಡಿ ಪೂರ್ತಿ ತೆರೆದರೆ, 6.3ರಲ್ಲಿ, ಅಷ್ಟು ದೂರದಲ್ಲಿ ಸ್ಪಷ್ಟವಾಗಿ ಬರುವುದು ನಾಲ್ಕು ಬೆರಳಿನ ಅಗಲದಷ್ಟು ಆಳ ಮಾತ್ರ. ಕೊಕ್ಕಿನ ತುದಿ ಶಾರ್ಪ್, ಕಣ್ಣು ಮಸುಕು. ಅವತ್ತಿನಿಂದ ಬೆಳಕಿದ್ದರೆ ಕಿಂಡಿಯನ್ನು ಸ್ವಲ್ಪ ಕಿರಿದು ಮಾಡಿ 8ಕ್ಕೆ ಇಡುತ್ತೇನೆ, ಫೋಕಸಿನ ಒಂದೇ ಚುಕ್ಕೆಯನ್ನು ಕಣ್ಣಿನ ಮೇಲೆ ಕೂರಿಸುತ್ತೇನೆ.

ಮಾಗಡಿಯ ಹೆಬ್ಬಾತುಗಳು ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ, ಬೆಳಿಗ್ಗೆ ಕೆರೆಗೆ ವಾಪಸ್ ಬರುತ್ತವೆ. ಕತ್ತಲು ಇರುವಾಗಲೇ ಹೋಗಿ, ಸೂರ್ಯ ಬೆನ್ನಿಗೆ ಬರುವ ಹಾಗೆ ದಂಡೆಯ ಮೇಲೆ ಕೂತರೆ ಅವು ನಮ್ಮ ತಲೆಯ ಮೇಲೇ ಹಾದು ಇಳಿಯುತ್ತವೆ. ರೆಕ್ಕೆಯ ಸದ್ದು ಕೇಳುವಷ್ಟು ಹತ್ತಿರ. ಕಾರಿನಲ್ಲಿ ಬೆಚ್ಚಗಿದ್ದ ಲೆನ್ಸನ್ನು ಹೊರಗಿನ ಚಳಿಗೆ ಅರ್ಧ ಗಂಟೆ ಇಡಿ, ಇಲ್ಲದಿದ್ದರೆ ಅದರ ಮೂತಿಯ ಮುಂದೆಯೇ ಗಾಳಿ ನಡುಗುತ್ತದೆ. ಒಂಬತ್ತಕ್ಕೆಲ್ಲ ನನ್ನ ಕೆಲಸ ಮುಗಿದಿರುತ್ತದೆ. ಬಿಸಿಲೇರಿದ ಮೇಲೆ ಕ್ಯಾಮೆರಾ ಚೀಲಕ್ಕೆ ಹಾಕಿ, ಬುತ್ತಿ ಬಿಚ್ಚಿ, ಸುಮ್ನೆ ನೋಡುತ್ತೇನೆ.

ಪತ್ರ ಬರೆದ ಆ ಹುಬ್ಬಳ್ಳಿಯವರು ಲೆನ್ಸನ್ನು ರಿಪೇರಿಗೆ ಕೊಡುವ ಮೊದಲು ಈ ಪತ್ರವನ್ನು ಗೋಡೆಗೆ ಅಂಟಿಸಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಫೋಟೊ ತೆಗೆದು ನೋಡಲಿ. 2,800 ರೂಪಾಯಿ ಉಳಿದೀತು. ಮಾರ್ಚ್ ಹೊತ್ತಿಗೆ ಹೆಬ್ಬಾತುಗಳು ಹೊರಟು ಹೋಗುತ್ತವೆ, ಅದರೊಳಗೆ ಒಂದು ಭಾನುವಾರ ಬಿಡುವು ಮಾಡಿಕೊಳ್ಳಲಿ. ಪ್ಯಾಂಟಿನ ಇನ್ನೊಂದು ಕಾಲನ್ನೂ ಹೊಲಿದಿಟ್ಟಿದ್ದೇನೆ. ಜೋಳ ಮಾತ್ರ ಅವರೇ ತರಬೇಕು.

— ಒಬ್ಬ ಸ್ಟುಡಿಯೊದವ, ಗದಗ-ಬೆಟಗೇರಿ