ಮೊಟ್ಟೆಯೊಳಗಿನ ಲಸಿಕೆ ತೂಕದ ಮದ್ದಲ್ಲ

ಸಂಪಾದಕರಿಗೆ,

ಮಾನ್ಯರೇ,

ಮರಿ ಹೊರಬರುವ ಮೊದಲೇ ಮೊಟ್ಟೆಗೆ ಲಸಿಕೆ ಹಾಕಿಸಿದರೆ ಕೋಳಿ ಬೇಗ ತೂಕ ಬರುತ್ತದೆ ಎಂಬ ಮಾತು ಸಾಕಣೆದಾರರ ನಡುವೆ ಓಡಾಡುತ್ತಿದೆ. ಇದು ಅರ್ಧ ನಿಜ. ರೋಗ ತಿಂದುಹಾಕುವ ತೂಕವನ್ನು ಲಸಿಕೆ ಉಳಿಸಿಕೊಡುತ್ತದೆ, ಅಷ್ಟೇ. ಗಂಬೋರೊ ಎಂಬ ವೈರಸ್ ರೋಗ ತಗುಲಿದ ಮರಿಯಲ್ಲಿ, ರೋಗನಿರೋಧಕ ಶಕ್ತಿ ಬೆಳೆಸುವ ಬರ್ಸಾ ಗ್ರಂಥಿ ಸವೆಯುತ್ತದೆ. ಸಾವು ಕಾಣದಿದ್ದರೂ ಮುಂದೆ ಕೊಡುವ ಲಸಿಕೆಗಳು ಸರಿಯಾಗಿ ಹಿಡಿಯುವುದಿಲ್ಲ, ತಿಂದ ಮೇವು ಮೈಗೆ ಹತ್ತುವುದಿಲ್ಲ. ಇಂಥ ಕಾಟವೇ ಇಲ್ಲದ ಶೆಡ್‌ನಲ್ಲಿ ತೂಕದ ದೊಡ್ಡ ಅಂತರ ಹುಡುಕಬೇಡಿ.

ಕೋಳಿಯ ನರ ಕೆಡಿಸಿ ಗೆಡ್ಡೆ ಬೆಳೆಸುವ ಮ್ಯಾರೆಕ್ಸ್ ರೋಗದ ವಿಷಯದಲ್ಲಿ ಲಾಭ ಸ್ಪಷ್ಟ. ಆ ವೈರಸ್ ಶೆಡ್ಡಿನ ದೂಳಿನಲ್ಲೇ ಇರುತ್ತದೆ, ಮರಿ ಬಂದಿಳಿದ ದಿನವೇ ಅಂಟಬಹುದು. ಒಂದು ದಿನದ ಮರಿಯ ಕತ್ತಿಗೆ ಚುಚ್ಚಿದರೆ ರಕ್ಷಣೆ ಮೂಡಲು ಕೆಲವು ದಿನ ಬೇಕು. ಕಾವಿನ 18ನೇ ದಿನ, ಮೊಟ್ಟೆಗಳನ್ನು ಮರಿ ಹೊರಬರುವ ಯಂತ್ರಕ್ಕೆ, ಅಂದರೆ ಹ್ಯಾಚರ್‌ಗೆ, ಸಾಗಿಸುವಾಗಲೇ ಕೊಟ್ಟರೆ ಮೂರು ದಿನ ಮುಂದಿರುತ್ತೇವೆ. ಸಂಶೋಧಕರಾದ ಶರ್ಮಾ ಮತ್ತು ಬರ್ಮೆಸ್ಟರ್ ಇದನ್ನು 1982ರಲ್ಲೇ ತೋರಿಸಿದ್ದಾರೆ.

ಕೆಡುವುದು ಸೂಜಿಯ ತುದಿಯಲ್ಲಿ. ಮೊಟ್ಟೆಯೊಂದಕ್ಕೆ ಹೋಗುವುದು 0.05 ಮಿಲಿ, ಅದು ಭ್ರೂಣದ ಮೈಗೋ ಸುತ್ತಲಿನ ಆಮ್ನಿಯಾನ್ ದ್ರವಕ್ಕೋ ಸೇರಬೇಕು. ಮೊಟ್ಟೆಯ ಅಗಲ ತುದಿಯ ಗಾಳಿಕೋಶದಲ್ಲಿ ಉಳಿದರೆ ಕೊಟ್ಟದ್ದು ದಂಡ. ಮೊಟ್ಟೆ ಬುಡಮೇಲಾಗಿ ಕೂತಿದ್ದರೂ, ಬೆಳವಣಿಗೆ ಹಿಂದುಳಿದಿದ್ದರೂ ಗುರಿ ತಪ್ಪುತ್ತದೆ. ಪರೀಕ್ಷೆ ಸುಲಭ: ಲಸಿಕೆಯ ಬದಲು ಬಣ್ಣ ಚುಚ್ಚಿ, ಒಂದಷ್ಟು ಮೊಟ್ಟೆ ಒಡೆದು ನೋಡಿ. ಒದ್ದೆ ತುಪ್ಪುಳ ಬಣ್ಣ ಹಿಡಿದಿದ್ದರೆ ಸರಿ. ಮೇಲಿನ ಪೊರೆಯಷ್ಟೇ ಬಣ್ಣವಾಗಿ ಮರಿಗೆ ಬಣ್ಣ ತಾಗದಿದ್ದರೆ ಯಂತ್ರದ ಆಳವನ್ನೂ ಮೊಟ್ಟೆಯ ವಯಸ್ಸನ್ನೂ ನೋಡಬೇಕು.

ಮ್ಯಾರೆಕ್ಸ್ ಲಸಿಕೆಗಳಲ್ಲಿ ಹೆಚ್ಚಿನವು ಜೀವಂತ ಕೋಶಗಳೊಳಗೆ ಇರುತ್ತವೆ, ಲಿಕ್ವಿಡ್ ನೈಟ್ರೋಜನ್‌ನಲ್ಲಿ ಮೈನಸ್ 196 ಡಿಗ್ರಿಯಲ್ಲಿ ಕೂತಿರುತ್ತವೆ. ಆಂಪೂಲನ್ನು, ಅಂದರೆ ಲಸಿಕೆಯ ಪುಟ್ಟ ಗಾಜಿನ ಕುಪ್ಪಿಯನ್ನು, ಸುಮಾರು 27 ಡಿಗ್ರಿ ನೀರಿನಲ್ಲಿ ಬೇಗ ಕರಗಿಸಿ ಬೆರೆಸುವ ದ್ರಾವಣದ ಚೀಲಕ್ಕೆ ಮೆಲ್ಲಗೆ ಸೇರಿಸಬೇಕು. ಜೋರಾಗಿ ಅಲುಗಾಡಿಸಿದರೆ ಕೋಶ ಒಡೆಯುತ್ತದೆ, ಸುಮ್ಮನೆ ಬಿಟ್ಟರೆ ತಳದಲ್ಲಿ ಕೂರುತ್ತದೆ. ಆಗಾಗ ಚೀಲವನ್ನು ಹಗುರಾಗಿ ತಿರುಗಿಸುತ್ತಿರಬೇಕು, ಒಂದು ಗಂಟೆಯೊಳಗೆ ಮುಗಿಸಬೇಕು. ಸೂಜಿ ತೊಳೆಯುವ ಕ್ಲೋರಿನ್ ಪೈಪಿನಲ್ಲಿ ಉಳಿದರೆ ಅದೂ ಲಸಿಕೆಯನ್ನು ಕೊಲ್ಲುತ್ತದೆ.

ಇನ್ನು ಸೂಜಿಯಿಂದ ಚಿಪ್ಪಿನಲ್ಲಾಗುವ ತೂತು. ಹ್ಯಾಚರ್‌ನಲ್ಲಿ ಬೂಷ್ಟು ಇದ್ದರೆ ಆ ತೂತೇ ಬೂಷ್ಟಿಗೆ ಬಾಗಿಲು. ಮೊದಲ ವಾರದಲ್ಲಿ ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದು, ಸತ್ತವುಗಳ ಶ್ವಾಸಕೋಶದಲ್ಲಿ ಹಳದಿ ಗಂಟು ಕಂಡರೆ ಲಸಿಕೆಯನ್ನು ಬೈಯುವ ಮೊದಲು ಹ್ಯಾಚರ್‌ನ ಗಾಳಿ, ಕೊಳೆತ ಮೊಟ್ಟೆ ತೆಗೆದದ್ದು ಇವನ್ನು ವಿಚಾರಿಸಿ. ಬಣ್ಣದ ಪರೀಕ್ಷೆ ಕೊನೆಗೆ ಯಾವಾಗ ಆಯಿತು ಎಂದೂ ಮರಿ ಕೊಳ್ಳುವಾಗ ಕೇಳಿ. ಉತ್ತರ ತಡವಾದರೆ ಆ ತಂಡದ ಮರಿಗಳನ್ನು ಬೇರೆ ಶೆಡ್‌ನಲ್ಲಿಟ್ಟು, 7ನೇ ದಿನ ತೂಗಿ, ಸಾವಿನ ಲೆಕ್ಕ ಬರೆದಿಡುವುದು ಒಳಿತು.

ಇತಿ,
ಒಬ್ಬ ಪಶುವೈದ್ಯ